ಮೂವತ್ತೇಳನೇ ಹೇಳಿಕೆ

ಮಾನಸಗಂಗೋತ್ರಿಯ ಎರಡನೇ ಮಹಡಿಯಲ್ಲಿ
ಸ್ವಭಾವವನ್ನು ಅರವತ್ತು ಹೇಳಿಕೆಗಳಾಗಿ ಹೆಚ್ಚಿ
ಒಂದೊಂದಕ್ಕೆ ಐದೈದು ಚೌಕ ಕೊಟ್ಟೆವು:
ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ...
ಇಂಗ್ಲಿಷಿನಿಂದ ಕನ್ನಡಕ್ಕೆ ನಾನು ತಂದೆ,
ಮೂಲ ನೋಡದೆ ಪ್ರಿಯಂವದಾ ಮರಳಿ ಒಯ್ದಳು.
ಸಂಕೋಚವೆಂದಿದ್ದದ್ದನ್ನು ನಾನು ನಾಚಿಕೆ ಮಾಡಿದ್ದೆ,
ಹಿಂತಿರುಗುವಾಗ ಅದು ಅವಮಾನವಾಗಿತ್ತು.
ಗೈಡು ನಕ್ಕರು.
'ಸರಿಮಾಡಿ. ಮಂಡ್ಯಕ್ಕೆ ಹೊರಡಿ.'

ಕೀಲಾರದ ಶಾಲೆ, ಬಿಸಿಯೂಟದ ಕೋಣೆ.
ಚಿಕ್ಕಬೋರಮ್ಮ, ನಲವತ್ತೆಂಟು,
ಕ್ರಮಸಂಖ್ಯೆ ನೂರಾ ಹನ್ನೆರಡು,
ಸೋರೆಕಾಯಿ ಹೆಚ್ಚುತ್ತಲೇ ಉತ್ತರಿಸಿದಳು.

ಗುಂಪಿನಲ್ಲಿ ಬೆರೆಯುವುದು ನನಗೆ ಸುಲಭ.
'ಇನ್ನೂರು ಮಕ್ಕಳ್ಗೆ ಬಡುಸ್ತೀನಿ, ಇನ್ನೆಂಗ್ ಬೆರೀಬೇಕವ್ವ?'

ಚಿಕ್ಕ ವಿಷಯಕ್ಕೂ ಕಳವಳಪಡುತ್ತೇನೆ.
'ಚಿಕ್ಕದು ಯಾವ್ದು ಅಂತ ಮೊದ್ಲು ಯೋಳು.'

ನಾನು ಎಂದೂ ಸುಳ್ಳು ಹೇಳಿಲ್ಲ.
ಇದು ಬಲೆ; ಒಪ್ಪಿದವರನ್ನು ನಂಬಬೇಡಿ
ಎನ್ನುತ್ತದೆ ಕೈಪಿಡಿ.
ಈಳಿಗೆಮಣೆಯ ಮೇಲೆ ಕೈ ನಿಂತಿತು.
'ಒಂದ್ಸಲ ಯೋಳಿವ್ನಿ. ಅವ್ವ ಸಾಯೋವಾಗ
ನೀನು ಉಳ್ಕತೀಯ ಅಂದೆ.
ಅವಳು ನಂಬುದ್ಲು ಅಂತ ಕಾಣ್ತದೆ.'
ಪೆನ್ಸಿಲ್ ಐದು ಚೌಕಗಳ ಮೇಲೆ ಅಲೆದು
ಹೇಳಲಾರೆಗೆ ಬಂದು ಕೂತಿತು.
ಹೇಳಿದ್ದವಳು ಅವಳು, ಹೇಳಲಾರದವಳು ನಾನು.

ಮೂವತ್ತೇಳು:
ಒಬ್ಬಳೇ ಇರುವುದು ನನಗೆ ಹಿತ.
ಅವಳು ಬಾಗಿಲ ಕಡೆ ನೋಡಿದಳು.
'ನಾಕ್ ಗಂಟೆಗೆ ಬೆಲ್ ಹೊಡ್ದ್ ಮ್ಯಾಕೆ
ಪಾತ್ರೆ ಎಲ್ಲ ಬೋರಲಾಕಿ,
ತೊಳ್ದ ನೆಲ ಇನ್ನೂ ಆರಿರಾಕಿಲ್ಲ ನೋಡು,
ಆಗ ಗ್ವಾಡೆಗೊರಗಿ ಕಾಲ್ ಚಾಚ್ಕತೀನಿ.
ಅದುಕ್ಕೆ ಎಷ್ಟು ಬತ್ತದೋ ಅಷ್ಟು ಹಾಕವ್ವ.'
ಐದು ಹಾಕಿದೆ.

ಮೂರು ವಾರ ಬಿಟ್ಟು ಮರುಪರೀಕ್ಷೆ.
ಅದೇ ಹಾಳೆ, ಅದೇ ಹೊತ್ತು, ಅವಳೂ ಅದೇ ಆಗಿರಬೇಕಿತ್ತು.
ಆದರೆ ಮಗಳು ಬಾಣಂತನಕ್ಕೆ ಬಂದಿದ್ದಳು.
'ಒಬ್ಬಳೇ ಇರಾದಾ? ಬ್ಯಾಡ ಕನವ್ವ.
ಮಗೀನ ವಾಸ್ನೆ ಸೀರೆಗೆ ಹತ್ಕಂಡದೆ,
ಇಲ್ಲಿಗೆ ಬಂದ್ರೂ ಅದ್ಕೇ ಮನ್ಸು ಎಳೀತದೆ.'
ಐದು ಇದ್ದದ್ದು ಒಂದಾಯಿತು.
ಇಂಥದ್ದಕ್ಕೆ ನಮ್ಮಲ್ಲಿ ದೋಷ ಎಂದು ಹೆಸರು.

ಬಸ್ಸಿಗೆ ಕಾಯುವ ಜಾಗದಲ್ಲಿ ವೇಬ್ರಿಜ್ಜು.
ಬೋರಲಿಂಗ ಅಲ್ಲಿಯ ಗುಮಾಸ್ತ (ಎಂಬತ್ತಾರು,
ಎಲ್ಲದಕ್ಕೂ ಒಪ್ಪುತ್ತೇನೆ ಎಂದವನು).
ಕಬ್ಬಿನ ಟ್ರ್ಯಾಕ್ಟರ್ ಹತ್ತಿತು, ಅಂಕಿ ಹೊಳೆಯಿತು, ಇಳಿಯಿತು.
'ಎಷ್ಟು ಸಲ ಹತ್ತಿಸಿದ್ರೂ ಒಂದೇ ಅಂಕಿ ಮೇಡಂ.
ಹೋದ ವರ್ಸಾನೂ ಅಂಗೇ,
ಒಂದಿನಾನೂ ತಪ್ಪದಂಗೆ ಎಲ್ರಿಗೂ
ಎಂಬತ್ತು ಕೇಜಿ ಕಮ್ಮಿ ತೋರ್ಸ್ತಿತ್ತು.
ಇಲಾಖೆಯವ್ರು ತೂಕದ ಕಲ್ಲು ತಂದು
ಮ್ಯಾಲಿಟ್ಟಾಗ್ಲೇ ಗೊತ್ತಾಗಿದ್ದು.'
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ,
'ನಿಮ್ದಕ್ಕೆ ಕಲ್ಲು ಯಾರತ್ರ ಅದೆ?'

ಮುನ್ನೂರ ನಾಲ್ಕು ಪುಟದ ಆಕರಗ್ರಂಥದಲ್ಲಿ ಹುಡುಕಿದ್ದೇನೆ.
ಇನ್ನೊಂದು ತಕ್ಕಡಿಗೆ ಹೋಲಿಸಿ ಎಂದಿದೆ.
ಆ ತಕ್ಕಡಿಯನ್ನು ಮತ್ತೊಂದಕ್ಕೆ.

ಲ್ಯಾಬಿನಲ್ಲಿ ಅಂಕಿ ತುಂಬುವಾಗ
ನೂರಾ ಹನ್ನೆರಡರ ಹಾಳೆಗೆ
ಸೋರೆಬೀಜವೊಂದು ಒಣಗಿ ಅಂಟಿತ್ತು, ಮೂವತ್ತರ ಸುಮಾರಿಗೆ.
ಉಗುರಲ್ಲಿ ಕೆರೆದರೆ ಕಾಗದವೂ ಏಳುತ್ತಿತ್ತು, ಬಿಟ್ಟೆ.
ಕಂಪ್ಯೂಟರು ಸೌಜನ್ಯದಿಂದಲೇ ಹೇಳಿತು:
ಮೂವತ್ತೇಳು ಉಳಿದವುಗಳ ಜೊತೆ ಸೇರುತ್ತಿಲ್ಲ,
ತೆಗೆದರೆ ವಿಶ್ವಾಸಾರ್ಹತೆ
ಸೊನ್ನೆ ಬಿಂದು ಏಳು ಒಂದರಿಂದ ಏಳು ಎಂಟಕ್ಕೆ.
'ಮತ್ತೇನು ಯೋಚನೆ?' ಅಂದರು ಗೈಡು,
ಕನ್ನಡಕ ಒರೆಸುತ್ತಾ. 'ತೆಗೆದುಬಿಡಿ.'

ಬೆರಳಿಟ್ಟೆ. ಒಂದು ಸಾಲು ಹೋಯಿತು.
ಕೆಳಗಿನವು ಸದ್ದಿಲ್ಲದೆ ಮೇಲೆ ಸರಿದವು,
ಮೂವತ್ತೆಂಟು ಮೂವತ್ತೇಳಾಯಿತು:

ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಿಯೇ ಏಳುತ್ತೇನೆ.

ಗಡಿಯಾರ ನೋಡಿದೆ. ನಾಲ್ಕು ದಾಟಿತ್ತು.
ಕಾರಿಡಾರಿನಲ್ಲಿ ಯಾರೋ ನೆಲ ತೊಳೆದು ಹೋಗಿದ್ದರು.